ರೇಡಿಯೋ ಯಂತ್ರದ ಕಿವಿಗೆ ಕಾವಲು

ಮನೆಯಲ್ಲಿಟ್ಟುಕೊಂಡು ನಾವು ಕೇಳುವ ರೇಡಿಯೋ ಯಂತ್ರವು ಬರಿಯ ಕಿವಿ. ಪ್ರಸಾರ ಕೇಂದ್ರವು ಬರಿಯ ಬಾಯಿ. 1935ರಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲಿ ಆಕಾಶವಾಣಿಯನ್ನು ಆರಂಭಿಸಿದಾಗ ಅಲ್ಲಿಂದ ಹೊರಟ ನುಡಿಯನ್ನು ಆಲಿಸಿದ ಯಂತ್ರಗಳು ಬೇರೆ ಮನೆಗಳಲ್ಲಿದ್ದುವು. ಬಾಯಿಯೂ ಕಿವಿಯೂ ಹೀಗೆ ದೂರವಾಗಿರುವವರೆಗೆ ಒಂದರಿಂದ ಮತ್ತೊಂದಕ್ಕೆ ಅಪಾಯವಿಲ್ಲ. ಹವ್ಯಾಸಿ ರೇಡಿಯೋಗಾರನ ಪಾಡು ಹಾಗಲ್ಲ. ಅವನ ಪ್ರೇಷಕವೂ ಗ್ರಾಹಕವೂ ಒಂದೇ ಮೇಜಿನ ಮೇಲಿರುತ್ತವೆ. ಮನೆಯ ಮೇಲಿನ ಒಂದೇ ಏರಿಯಲ್ ಎರಡಕ್ಕೂ ದುಡಿಯಬೇಕು. ನುಡಿಯುವಾಗ ಏರಿಯಲ್ಲನ್ನು ಪ್ರೇಷಕಕ್ಕೆ, ಆಲಿಸುವಾಗ ಗ್ರಾಹಕಕ್ಕೆ ತಿರುಗಿಸಬೇಕು. ಈ ತಿರುವಿನಲ್ಲಿ ತಪ್ಪಿದರೆ ಸ್ವಂತ ಬಾಯಿಯೇ ಸ್ವಂತ ಕಿವಿಯನ್ನು ಕೆಡಿಸುತ್ತದೆ.

ಈ ಅಪಾಯದ ಪ್ರಮಾಣವನ್ನು ಅಂಕಿಗಳಿಂದ ತಿಳಿಯಬಹುದು. ಒಳ್ಳೆಯ ಗ್ರಾಹಕವು ಒಂದು ಮೈಕ್ರೋವೋಲ್ಟನ್ನು, ಎಂದರೆ ಒಂದು ವೋಲ್ಟಿನ ಹತ್ತು ಲಕ್ಷದಲ್ಲೊಂದು ಪಾಲನ್ನು ಸಹ ಕೇಳಬಲ್ಲುದು. 100 ವಾಟ್ ಶಕ್ತಿಯ ಪ್ರೇಷಕವು 50 ಓಮಿನ ತಂತಿಯಲ್ಲಿ ಸುಮಾರು 70 ವೋಲ್ಟುಗಳನ್ನು ಹರಿಸುತ್ತದೆ. ಒಂದಕ್ಕೂ ಇನ್ನೊಂದಕ್ಕೂ ಇರುವ ಅಂತರ ಏಳು ಕೋಟಿ ಪಾಲು! ಸ್ವಿಚ್ಚು ಸರಿಯಾದ ಕಡೆಗೇ ತಿರುಗಿದ್ದು, ಶಕ್ತಿಯ ಸಾವಿರದಲ್ಲೊಂದು ಪಾಲು ಮಾತ್ರ ಅದರೊಳಗಿಂದ ಸೋರಿತೆಂದಿಟ್ಟುಕೊಳ್ಳೋಣ. ಆಗಲೂ ಗ್ರಾಹಕದ ಮೇಲೆ ಎರಡು ವೋಲ್ಟುಗಳಿಗಿಂತ ಹೆಚ್ಚು ಬಂದು ಬೀಳುತ್ತದೆ. ಪಿಸುಮಾತನ್ನು ಹಿಡಿಯಲೆಂದು ಕಿವಿಗೊಟ್ಟವನ ತಲೆಯ ಮೇಲೆಯೇ ದೇವಾಲಯದ ದೊಡ್ಡ ಘಂಟೆಯನ್ನು ಬಾರಿಸಿದಂತಾಯಿತು.

ಈ ತೊಡಕು ನಿಸ್ತಂತು ವಿದ್ಯೆಯಷ್ಟೇ ಹಳೆಯದು. ಮಾರ್ಕೋನಿಯ ಮೊದಲ ಗ್ರಾಹಕಗಳಲ್ಲಿ ಲೋಹದ ಪುಡಿಯನ್ನು ತುಂಬಿದ ಗಾಜಿನ ನಳಿಗೆಯೇ ಕಿವಿಯಾಗಿತ್ತು. ಪಕ್ಕದ ಪ್ರೇಷಕದ ಕಿಡಿ ಅದನ್ನು ಕೆಡಿಸದಿರಲೆಂದು ಆತನು ಗ್ರಾಹಕವನ್ನು ಲೋಹದ ಪೆಟ್ಟಿಗೆಯಲ್ಲಿಟ್ಟು ಮುಚ್ಚಿದನು. ದಡದ ದೊಡ್ಡ ನಿಲ್ದಾಣಗಳು ಬೇರೊಂದು ಉಪಾಯವನ್ನು ಹಿಡಿದುವು: ವೇಲ್ಸ್ ದೇಶದಲ್ಲಿ ನುಡಿಯುವ ನಿಲ್ದಾಣವನ್ನು ಕಾರ್ನಾರ್ವನ್ ಬಳಿ ಕಟ್ಟಿ, ಆಲಿಸುವ ನಿಲ್ದಾಣವನ್ನು ದೂರದ ಟವಿನ್ ಎಂಬಲ್ಲಿ ಕಟ್ಟಿದರು. ಆದರೆ ನಡುಗಡಲಿನ ಹಡಗಿಗೆ ಇಂತಹ ಅನುಕೂಲವೆಲ್ಲಿಯದು? ಅಲ್ಲಿ ತಂತಿಯನ್ನು ಸಾರ್ವಜನಿಕ ರಸ್ತೆಯಂತೆ ಬರುವುದೂ ಹೋಗುವುದೂ ಬಳಸಬೇಕು. ಅಪಾಯದ ಕರೆಯನ್ನು ಕಳುಹುತ್ತಿರುವ ನಾವಿಕನಿಗೆ ಉತ್ತರವು ಯಾವ ಕ್ಷಣದಲ್ಲಿ ಬಂದೀತೋ ತಿಳಿಯದು. ಸ್ವಿಚ್ಚನ್ನು ತಿರುಗಿಸಲು ಮರೆತರೆ ಗ್ರಾಹಕ ಹಾಳು. ತಿರುಗಿಸಲು ತಡವಾದರೆ ಉತ್ತರವೇ ಕೈತಪ್ಪುತ್ತದೆ.

ಮಾರ್ಕೋನಿ ಕಂಪೆನಿಯ ಹಡಗಿನ ಯಂತ್ರಗಳಲ್ಲಿ ಇದಕ್ಕೊಂದು ಚೆಲುವಾದ ಪರಿಹಾರವಿದ್ದಿತು. ಏರಿಯಲ್ಲಿಗೂ ಭೂಮಿಗೂ ನಡುವೆ ಎರಡು ಹಿತ್ತಾಳೆಯ ತಟ್ಟೆಗಳನ್ನು ಅತ್ಯಲ್ಪ ಎಡೆಬಿಟ್ಟು ಇಟ್ಟು, ಗ್ರಾಹಕವನ್ನು ಆ ಎರಡು ತಟ್ಟೆಗಳಿಗೆ ಜೋಡಿಸುತ್ತಿದ್ದರು. ದೂರದಿಂದ ಬಂದ ಕ್ಷೀಣ ಸಂಕೇತಕ್ಕೆ ಆ ಎಡೆಯನ್ನು ಹಾರುವ ಬಲವಿಲ್ಲದ್ದರಿಂದ ಅದು ಗ್ರಾಹಕದೊಳಕ್ಕೆ ಹೋಗುತ್ತಿತ್ತು. ಪ್ರೇಷಕದ ಪ್ರಬಲ ಶಕ್ತಿಯಾದರೋ ಕಿಡಿಯಾಗಿ ಹಾರಿ ನೇರವಾಗಿ ಭೂಮಿಗೆ ಇಳಿಯುತ್ತಿತ್ತು. ಕಿಡಿಯಿರುವಷ್ಟು ಹೊತ್ತು ಗ್ರಾಹಕದ ಬಾಗಿಲು ತಾನಾಗಿಯೇ ಮುಚ್ಚಿರುತ್ತಿತ್ತು. ಮುಳ್ಳನ್ನು ಮುಳ್ಳಿನಿಂದಲೇ ತೆಗೆದರು. ಯಾವುದು ಅಪಾಯವೋ ಅದನ್ನೇ ಕಾವಲುಗಾರನನ್ನಾಗಿ ಮಾಡಿದ್ದು ಇಲ್ಲಿಯ ಜಾಣ್ಮೆ.

ಈ ತತ್ತ್ವದ ಬೆಲೆ ಪೂರ್ಣವಾಗಿ ತಿಳಿದುಬಂದುದು ಎರಡನೆಯ ಮಹಾಯುದ್ಧದ ಕಾಲದಲ್ಲಿ. 1939ರಲ್ಲಿ ಇಂಗ್ಲೆಂಡಿನ ಕರಾವಳಿಯನ್ನು ಕಾಯುತ್ತಿದ್ದ ರೇಡಾರ್ ನಿಲ್ದಾಣಗಳು ನುಡಿಯಲು 360 ಅಡಿಗಳ ಉಕ್ಕಿನ ಗೋಪುರಗಳನ್ನೂ ಆಲಿಸಲು 240 ಅಡಿಗಳ ಮರದ ಗೋಪುರಗಳನ್ನೂ ಬೇರೆಬೇರೆಯಾಗಿ ಹೊಂದಿದ್ದುವು. ಅಮೆರಿಕದ ನೌಕಾ ಸಂಶೋಧನಾಲಯದಲ್ಲಿ ರಾಬರ್ಟ್ ಪೇಜ್ ಮತ್ತು ಅವರ ಸಂಗಡಿಗರು 1936ರಲ್ಲಿಯೇ ಒಂದೇ ಏರಿಯಲ್ಲಿನಿಂದ ಎರಡು ಕೆಲಸಗಳನ್ನೂ ಮಾಡಿಸಿದ್ದರು. ಆದರೆ 1940ರಲ್ಲಿ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾನಿಲಯದ ರ‍್ಯಾಂಡಲ್ ಮತ್ತು ಬೂಟ್ ಎಂಬ ವಿದ್ವಾಂಸರು ಕುಳಿಗಳುಳ್ಳ ಮ್ಯಾಗ್ನೆಟ್ರಾನನ್ನು ನಿರ್ಮಿಸಿದ ಮೇಲೆ ತೊಡಕು ಬಿಗಿಯಾಯಿತು. ಅದು ಬಹು ಹ್ರಸ್ವವಾದ ಅಲೆಗಳನ್ನು ಅನೇಕ ಸಾವಿರ ವಾಟುಗಳ ಬಲದಿಂದ ಹೊರಡಿಸುತ್ತಿತ್ತು. ಮರಳಿ ಬಂದ ಪ್ರತಿಧ್ವನಿಯನ್ನು ಹಿಡಿಯಬೇಕಾದುದು ಸಿಲಿಕಾನ್ ಹರಳಿನ ಮೇಲೆ ಮೊನೆಯೂರಿ ನಿಂತ ಒಂದು ಸೂಕ್ಷ್ಮ ತಂತಿ. ಹರಳನ್ನು ರೇಡಿಯೋ ಅಲೆಗಳಿಗೆ ಕಿವಿಯಾಗಿಸುವ ಈ ಹಾದಿಯನ್ನು ತೆರೆದವರಲ್ಲಿ ನಮ್ಮ ಜಗದೀಶಚಂದ್ರ ಬೋಸರು ಅಗ್ರಗಣ್ಯರು. ಸೀಸದ ಅದಿರಿನ ಹರಳನ್ನು ಬಳಸಿದ ಅವರ ಸಾಧನಕ್ಕೆ 1904ರಲ್ಲಿ ಅಮೆರಿಕದ ಪೇಟೆಂಟು ದೊರೆತಿತ್ತು.

ರಾತ್ರಿಯ ವೇಳೆ ಬಾಂಬರ್ ವಿಮಾನಗಳನ್ನು ಬೆನ್ನಟ್ಟುವ ಪುಟ್ಟ ವಿಮಾನದ ಮೂತಿಯಲ್ಲಿ ಎರಡು ಏರಿಯಲ್ಲುಗಳಿಗೆ ಎಡೆಯಿಲ್ಲ. 1500 ಮೀಟರು ದೂರದ ವಿಮಾನದಿಂದ ಪ್ರತಿಧ್ವನಿ ಮರಳಲು ಸೆಕೆಂಡಿನ ಲಕ್ಷದಲ್ಲೊಂದು ಪಾಲು ಕಾಲ ಸಾಕು. ಅಷ್ಟರೊಳಗೆ ಕಿವಿಯನ್ನು ಮುಚ್ಚಿ ಮತ್ತೆ ತೆರೆಯಬಲ್ಲ ಕೈ ಲೋಕದಲ್ಲಿಲ್ಲ. ಯಾವ ಲೋಹದ ಸ್ವಿಚ್ಚಿಗೂ ಆ ವೇಗವಿಲ್ಲ. ಆಗ ಸಟನ್ ಎಂಬ ತಜ್ಞರು ಬೇರೊಂದು ಕಾರ್ಯಕ್ಕೆ ರೂಪಿಸಿದ್ದ ವಾಲ್ವಿನೊಳಗೆ ಅಲ್ಪ ಒತ್ತಡದ ಅನಿಲವನ್ನು ತುಂಬಿ ನೋಡಿದರು. ಆಕ್ಸ್‌ಫರ್ಡಿನ ಕ್ಲ್ಯಾರೆಂಡನ್ ಪ್ರಯೋಗಶಾಲೆ ಈ ಕೆಲಸದಲ್ಲಿ ಪಾಲ್ಗೊಂಡಿತು. ಪ್ರೇಷಕವು ನುಡಿದೊಡನೆಯೇ ಆ ಅನಿಲದಲ್ಲಿ ವಿದ್ಯುತ್ತು ಹರಿದು ಹರಳಿನ ದಾರಿಯನ್ನು ಮುಚ್ಚುವುದು. ನುಡಿ ನಿಂತೊಡನೆ ಅನಿಲವು ಶಾಂತವಾಗಿ ದಾರಿಯನ್ನು ಬಿಡುವುದು. ಮೊದಲ ಕ್ಷಣದಲ್ಲಿ ನುಸುಳುವ ಕಿಂಚಿತ್ ಶಕ್ತಿಯೂ ಹರಳನ್ನು ಸುಡದಿರಲೆಂದು ಅನಿಲದಲ್ಲಿ ಸಣ್ಣ ವಿದ್ಯುತ್ಸ್ರಾವವನ್ನು ಸದಾ ನಡೆಯಿಸಿ, ಅದನ್ನು ಎಚ್ಚರವಾಗಿಟ್ಟರು. ಹಡಗಿನ ಹಿತ್ತಾಳೆಯ ತಟ್ಟೆಗಳ ತತ್ತ್ವವೇ ಇಲ್ಲಿ ಗಾಜಿನ ಬುರುಡೆಯನ್ನು ಹೊಕ್ಕಿತ್ತು.

ಇಂದಿನ ಹವ್ಯಾಸಿಗೆ ಈ ಚರಿತ್ರೆಯಿಂದ ಕಲಿಯಬೇಕಾದುದುಂಟು. ಪ್ರೇಷಕ ಗ್ರಾಹಕಗಳೆರಡೂ ಒಂದೇ ಪೆಟ್ಟಿಗೆಯಲ್ಲಿರುವ ಯಂತ್ರವನ್ನು ಕೊಂಡವನಿಗೆ ಈ ಕಾವಲು ಒಳಗೇ ದೊರೆಯುತ್ತದೆ. ಆದರೆ ಅದೇ ಏರಿಯಲ್ಲಿಗೆ ಮತ್ತೊಂದು ಗ್ರಾಹಕವನ್ನು, ಕಂಪ್ಯೂಟರಿಗೆ ಜೋಡಿಸುವ ಪುಟ್ಟ ಗ್ರಾಹಕವನ್ನಾದರೂ ಸರಿ, ತಾನೇ ಸೇರಿಸಿದವನು ಮತ್ತೆ ಹಳೆಯ ನಾವಿಕನ ಸ್ಥಿತಿಗೆ ಬರುತ್ತಾನೆ. ಆತನು ಮೂರು ಕಾವಲುಗಳನ್ನಿಡುವುದು ಲೇಸು. ರಿಲೇಯು ಗ್ರಾಹಕವನ್ನು ಏರಿಯಲ್ಲಿನಿಂದ ಬಿಡಿಸುವುದಲ್ಲದೆ ಅದರ ಪ್ರವೇಶವನ್ನು ಭೂಮಿಗೆ ಸೇರಿಸಬೇಕು. ರಿಲೇಯು ತಿರುಗಿ ನೆಲೆನಿಂತ ಮೇಲೆಯೇ ಪ್ರೇಷಕದಿಂದ ಶಕ್ತಿ ಹೊರಡುವಂತೆ ಕ್ರಮವಿರಬೇಕು. ಈ ಕೆಲವು ಮಿಲಿಸೆಕೆಂಡುಗಳ ತಾಳ್ಮೆ ಎಷ್ಟೋ ಯಂತ್ರಗಳನ್ನು ಉಳಿಸುತ್ತದೆ. ಕೊನೆಯದಾಗಿ, ಗ್ರಾಹಕದ ಬಾಗಿಲಲ್ಲಿ ಎರಡು ಡಯೋಡುಗಳನ್ನು ಎದುರುಬದುರಾಗಿ ಭೂಮಿಗೆ ಜೋಡಿಸಬೇಕು. ಸಿಲಿಕಾನ್ ಡಯೋಡುಗಳಾದರೆ ಸುಮಾರು ಅರ್ಧ ವೋಲ್ಟನ್ನು ಮೀರಿದ ಪ್ರವಾಹ ಅವುಗಳ ಮೂಲಕ ಇಳಿದುಹೋಗುತ್ತದೆ. ಹತ್ತಿರದಲ್ಲಿ ಪ್ರಬಲ ಪ್ರಸಾರ ಕೇಂದ್ರವಿದ್ದರೆ ಅವು ಸಂಕೇತಗಳನ್ನು ಕಲಸುವುದುಂಟು, ಅಷ್ಟನ್ನು ಸಹಿಸಬೇಕು.

ಮೊದಲೆರಡು ಕಾವಲುಗಳು ಮನುಷ್ಯನ ಕ್ರಮವನ್ನು ನಂಬಿದವು. ಮೂರನೆಯದು ಯಾರನ್ನೂ ನಂಬದು. ನಡುರಾತ್ರಿಯಲ್ಲಿ, ಸಾವಿರಾರು ಮೈಲಿ ದೂರದ ಸ್ನೇಹಿತನ ಕ್ಷೀಣ ಧ್ವನಿಗೆ ಕಾತರನಾಗಿ ಕುಳಿತವನ ಕೈ ಎಂದಾದರೂ ತಪ್ಪೇ ತಪ್ಪುತ್ತದೆ. ಆ ತಪ್ಪನ್ನು ಮೊದಲೇ ಎಣಿಸಿ ಕಾವಲಿಟ್ಟವರಿಂದಲೇ ಹಡಗಿನ ಕೊಠಡಿಯಲ್ಲಿಯೂ ರಾತ್ರಿಯ ವಿಮಾನದಲ್ಲಿಯೂ ಯಂತ್ರದ ಕಿವಿ ಉಳಿಯಿತು.