ಕೈತೊಳೆಯಲು ಕಲಿಸುವ ಯಂತ್ರ: ಒಂದು ಹಿನ್ನೋಟ



ಸುಮಾರು ಮೂವತ್ತೈದು ವರ್ಷಗಳ ಹಿಂದಿನ ಮಾತು. ನನ್ನ ಎಂಟನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಊರಿನ ನಿಲ್ದಾಣದಲ್ಲಿ ಹಾದುಹೋಗುವ ಎಲ್ಲ ರೈಲುಗಳ ವೇಳೆಯೂ ಅವನಿಗೆ ಬಾಯಿಪಾಠ. ಆದರೆ ಅಂಗಿಯ ಗುಂಡಿ ಹಾಕಿಕೊಳ್ಳಲು ಬಾರದು. ಊಟದ ಡಬ್ಬಿಯ ಮುಚ್ಚಳ ತೆಗೆಯಲು ಪಕ್ಕದವರೇ ಬೇಕು. "ನಿನ್ನ ಹೆಸರೇನು?" ಎಂದರೆ "ನಿನ್ನ ಹೆಸರೇನು?" ಎಂದೇ ಮರುನುಡಿಯುತ್ತಿದ್ದ. ಅಣಕಿಸುತ್ತಿದ್ದಾನೆಂದು ಬಗೆದು ನಾನು ಅವನನ್ನು ಬೆಂಚಿನ ಮೇಲೆ ನಿಲ್ಲಿಸಿದ್ದುಂಟು. ಬಿ.ಎಡ್. ಓದುವಾಗ ಶೈಕ್ಷಣಿಕ ಮನೋವಿಜ್ಞಾನದಲ್ಲಿ ಒಳ್ಳೆಯ ಅಂಕಗಳನ್ನು ಪಡೆದಿದ್ದ ನನಗೆ ಆಟಿಸಂ ಎಂಬ ಪದದ ಪರಿಚಯವೇ ಇರಲಿಲ್ಲ. ವರ್ಷದ ನಡುವೆ ಅವನು ಶಾಲೆ ಬಿಟ್ಟ. ನಾನೂ ಅವನ ವಿಷಯದಲ್ಲಿ ಕೈತೊಳೆದುಕೊಂಡೆ.

ಕಳೆದ ಬೇಸಿಗೆಯಲ್ಲಿ ಬಂಧುಗಳ ಮನೆಗೆ ಹೋಗಿದ್ದಾಗ, ಆಟಿಸಂ ಇರುವ ಮಗುವೊಂದು ಟ್ಯಾಬ್ಲೆಟ್ಟಿನ ಚಿತ್ರಗಳನ್ನು ಒಂದೊಂದಾಗಿ ನೋಡುತ್ತ ಹಲ್ಲುಜ್ಜುವುದನ್ನು ಕಂಡೆ. ಹಳೆಯ ಹುಡುಗ ಕಣ್ಣಮುಂದೆ ಬಂದ. ಇಂತಹ ಮಕ್ಕಳಿಗೆ ಕಲಿಸಲು ಯಂತ್ರವನ್ನು ಬಳಸುವ ಯೋಚನೆ ಎಷ್ಟು ಹಳೆಯದೆಂಬ ಕುತೂಹಲ ಹುಟ್ಟಿತು. ಓದಿ ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ.

ಆಟಿಸಂ ಅಥವಾ ಸ್ವಲೀನತೆಯನ್ನು ಮೊದಲು ವಿಶದವಾಗಿ ವರ್ಣಿಸಿದವರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದ ವೈದ್ಯ ಲಿಯೋ ಕ್ಯಾನರ್ ಪ್ರಮುಖರು. 1943ರಲ್ಲಿ ಅವರು ಹನ್ನೊಂದು ಮಕ್ಕಳ ವಿವರಗಳನ್ನು ಪ್ರಕಟಿಸಿದರು. ಕೇಳಿದ ಪ್ರಶ್ನೆಯನ್ನೇ ಮರುನುಡಿಯುವುದು, ದಿನಚರಿ ಕಿಂಚಿತ್ತೂ ಬದಲಾಗಬಾರದೆಂಬ ಹಟ, ಅಚ್ಚರಿಯ ನೆನಪಿನ ಶಕ್ತಿ ಎಲ್ಲವೂ ಅದರಲ್ಲಿದ್ದವು. ನನ್ನ ವಿದ್ಯಾರ್ಥಿಯ ಚಿತ್ರ ಅವನು ಹುಟ್ಟುವ ಮೊದಲೇ ಅಚ್ಚಾಗಿತ್ತು. ನಾನು ಓದಿರಲಿಲ್ಲ, ಅಷ್ಟೆ. ಮುಂದೆ ಕೆಲಕಾಲ ತಾಯಂದಿರ ಪ್ರೀತಿಯ ಕೊರತೆಯೇ ಇದಕ್ಕೆ ಕಾರಣವೆಂಬ ಕ್ರೂರವಾದ ವಾದ ಪ್ರಚಾರದಲ್ಲಿತ್ತು. 1964ರಲ್ಲಿ ಬರ್ನಾರ್ಡ್ ರಿಮ್‌ಲ್ಯಾಂಡ್, ಸ್ವತಃ ಇಂತಹ ಮಗುವಿನ ತಂದೆ, ಗ್ರಂಥವೊಂದನ್ನು ಬರೆದು ಅದನ್ನು ಪ್ರಬಲವಾಗಿ ಖಂಡಿಸಿದರು.

ಅದೇ ದಶಕದಲ್ಲಿ ಲಾಸ್ ಏಂಜಲೀಸ್‌ನಲ್ಲಿ ಐವಾರ್ ಲೋವಾಸ್ ಎಂಬ ಮನೋವಿಜ್ಞಾನಿ, ಕಲಿಕೆಯನ್ನು ಸಣ್ಣ ಸಣ್ಣ ಹಂತಗಳಾಗಿ ಒಡೆದು ಕಲಿಸುವ ಕ್ರಮವನ್ನು ಬೆಳೆಸಿದರು. ಕೈತೊಳೆಯುವುದು ನಮಗೆ ಒಂದೇ ಕೆಲಸ. ಆದರೆ ಬಿಡಿಸಿ ನೋಡಿದರೆ ನಲ್ಲಿ ತಿರುಗಿಸುವುದು, ಕೈ ಒದ್ದೆ ಮಾಡುವುದು, ಸಾಬೂನು ಹಚ್ಚುವುದು, ಉಜ್ಜುವುದು, ತೊಳೆಯುವುದು, ನಲ್ಲಿ ನಿಲ್ಲಿಸುವುದು, ಒರೆಸಿಕೊಳ್ಳುವುದು ಹೀಗೆ ಏಳು ಕೆಲಸಗಳು. ಪ್ರತಿ ಹಂತದಲ್ಲೂ ಸೂಚನೆ ಕೊಟ್ಟು, ಮೆಲ್ಲಮೆಲ್ಲನೆ ಆ ಸೂಚನೆಯನ್ನು ಹಿಂತೆಗೆಯಬೇಕು. ಲೋವಾಸರು ಆ ಕಾಲದಲ್ಲಿ ಏಟು ಮತ್ತು ವಿದ್ಯುತ್ ಆಘಾತಗಳನ್ನೂ ಬಳಸಿದ್ದು ಇತಿಹಾಸದ ಕಪ್ಪು ಪುಟ. ಬೆಂಚಿನ ಮೇಲೆ ನಿಲ್ಲಿಸಿದ ನಾನು ಅವರನ್ನು ದೂರುವಾಗ ನನ್ನನ್ನೂ ಸೇರಿಸಿಕೊಳ್ಳಬೇಕು.

ಈ ಕಲಿಕೆಗೆ ಕಂಪ್ಯೂಟರನ್ನು ತಂದವರಲ್ಲಿ ಮೊದಲಿಗರು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಕೆನೆತ್ ಕೋಲ್ಬಿ. ಮನೋವೈದ್ಯರಾಗಿದ್ದ ಅವರೇ ಮುಂದೆ ಕೃತಕ ಬುದ್ಧಿಮತ್ತೆಯ ಚರಿತ್ರೆಯಲ್ಲಿ ಪ್ರಸಿದ್ಧವಾದ ‘ಪ್ಯಾರಿ’ ಎಂಬ ಸಂಭಾಷಣಾ ಯಂತ್ರವನ್ನು ರಚಿಸಿದರು. 1960ರ ದಶಕದಲ್ಲಿ ಅವರು ಮಾತನಾಡದ ಮಕ್ಕಳನ್ನು ಕೀಲಿಮಣೆಯ ಮುಂದೆ ಕೂರಿಸಿದರು. ಮಗು ಕೀಲಿ ಒತ್ತಿದರೆ ಅಕ್ಷರ ಮೂಡುತ್ತಿತ್ತು, ಧ್ವನಿ ಕೇಳುತ್ತಿತ್ತು. ಯಂತ್ರ ಗದರುತ್ತಿರಲಿಲ್ಲ, ನೂರು ಸಲ ಒತ್ತಿದರೂ ಬೇಸರಿಸುತ್ತಿರಲಿಲ್ಲ.

1976ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾನಿಲಯದ ಕೃತಕ ಬುದ್ಧಿಮತ್ತೆ ವಿಭಾಗದಲ್ಲಿ ಸಿಲ್ವಿಯಾ ವಿಯರ್ ಮತ್ತು ರಿಕಿ ಇಮ್ಯಾನ್ಯುಯಲ್ ಇನ್ನೊಂದು ಪ್ರಯೋಗವನ್ನು ವರದಿ ಮಾಡಿದರು. ಆಟಿಸಂ ಇದ್ದ ಬಾಲಕನೊಬ್ಬ ಗುಂಡಿ ಒತ್ತಿ, ನೆಲದ ಮೇಲೆ ಚಲಿಸುವ ‘ಆಮೆ’ ಎಂಬ ಪುಟ್ಟ ಯಂತ್ರವನ್ನು ನಡೆಸಿದ. ಆಟದ ಸಂತೋಷದಲ್ಲಿ ಜೊತೆಯಲ್ಲಿದ್ದವರೊಡನೆ ತಾನಾಗಿಯೇ ಮಾತಿಗಿಳಿದ. ಯಂತ್ರ ಮನುಷ್ಯನಿಂದ ಮಗುವನ್ನು ದೂರ ಮಾಡುತ್ತದೆಂಬ ಭಯಕ್ಕೆ ಇದೊಂದು ಉತ್ತರ. 2005ರಲ್ಲಿ ಇಂಗ್ಲೆಂಡಿನ ಹರ್ಟ್‌ಫರ್ಡ್‌ಶೈರ್ ವಿಶ್ವವಿದ್ಯಾನಿಲಯದಲ್ಲಿ ರೂಪುಗೊಂಡ ‘ಕ್ಯಾಸ್ಪರ್’ ಎಂಬ ಮಗುವಿನಾಕಾರದ ರೋಬಾಟ್ ಇದೇ ದಾರಿಯದು. ಅದರ ಮುಖಭಾವಗಳನ್ನು ಬೇಕೆಂದೇ ಸರಳವಾಗಿಟ್ಟಿದ್ದಾರೆ. ಬಾಚಣಿಗೆ, ಚಮಚಗಳನ್ನು ಹಿಡಿದು ಅದು ಮಕ್ಕಳೊಡನೆ ಆಡುತ್ತದೆ.

ಆದರೆ ನನ್ನೊಳಗಿನ ಮೇಷ್ಟರಿಗೆ ಎಲ್ಲಕ್ಕಿಂತ ಹಿಡಿಸಿದ್ದು ಟೊರೊಂಟೊದಲ್ಲಿ ಅಲೆಕ್ಸ್ ಮಿಹೈಲಿಡಿಸ್ ಮತ್ತು ಸಂಗಡಿಗರು ರೂಪಿಸಿದ ‘ಕೋಚ್’ ಎಂಬ ವ್ಯವಸ್ಥೆ. ಮೂಲತಃ ಅದು ಮರೆವಿನ ಕಾಯಿಲೆಯ ವೃದ್ಧರಿಗಾಗಿ ಹುಟ್ಟಿದ್ದು; ಆಟಿಸಂ ಇರುವ ಕೆಲವು ಮಕ್ಕಳೊಡನೆ ಪರೀಕ್ಷಿಸಿದ ಫಲಿತಾಂಶ 2012ರಲ್ಲಿ ಪ್ರಕಟವಾಯಿತು. ಕೈತೊಳೆಯುವ ತೊಟ್ಟಿಯ ಮೇಲಿನ ಕ್ಯಾಮೆರಾ ಕೈಗಳ ಚಲನೆಯನ್ನು ಗಮನಿಸುತ್ತದೆ. ಮಗು ಯಾವ ಹಂತದಲ್ಲಿದೆಯೆಂದು ಯಂತ್ರ ಊಹಿಸುತ್ತದೆ. ಮಗು ತಾನೇ ಮುಂದುವರಿದರೆ ಸುಮ್ಮನಿರುತ್ತದೆ. ತಡವರಿಸಿದರೆ ಮಾತ್ರ ಸೂಚನೆ ಕೊಡುತ್ತದೆ. ಅದೂ ಸಾಲದಿದ್ದರೆ ಮನೆಯವರನ್ನು ಕರೆಯುತ್ತದೆ.

ಇಲ್ಲಿ ಸುಮ್ಮನಿರುವುದೇ ದೊಡ್ಡ ವಿದ್ಯೆ. ಇಂತಹ ಮಕ್ಕಳಿಗೆ ಕಲಿಸುವವರು ಅನುಭವಿಸುವ ತೊಡಕೊಂದಿದೆ: "ಈಗ ಸಾಬೂನು ತೆಗೆದುಕೋ" ಎಂದು ಅಮ್ಮ ಪ್ರತಿದಿನ ಹೇಳಿದರೆ, ಆ ಮಾತೂ ಕೆಲಸದ ಒಂದು ಹಂತವಾಗಿಬಿಡುತ್ತದೆ. ಅಮ್ಮ ಹೇಳುವವರೆಗೂ ಮಗು ಕಾಯುತ್ತ ನಿಲ್ಲುತ್ತದೆ. ಕಲಿಸುವವರ ಪ್ರೀತಿಯೇ ಕಲಿಕೆಗೆ ಅಡ್ಡಿಯಾಗುವುದೆಂದರೆ ಹೀಗೆ.

2022ರ ನಂತರ ಬಂದ ಸಂಭಾಷಣಾ ಯಂತ್ರಗಳು ಕನ್ನಡದಲ್ಲಿಯೂ ಉತ್ತರಿಸುತ್ತವೆ. "ಬಸ್ಸಿನಲ್ಲಿ ಟಿಕೆಟ್ ಕೊಳ್ಳುವುದನ್ನು ಹಂತಹಂತವಾಗಿ ಬರೆದುಕೊಡು" ಎಂದರೆ ಕ್ಷಣದಲ್ಲಿ ಬರೆದುಕೊಡುತ್ತವೆ. ಆದರೆ ಅದನ್ನು ತಿದ್ದಬೇಕಾದವರು ಮನೆಯವರೇ. ನಮ್ಮ ಬಚ್ಚಲುಮನೆಯ ಬಕೆಟ್ಟು, ಚೊಂಬುಗಳನ್ನು ಬಿಟ್ಟು ಷವರಿನ ಸ್ನಾನವನ್ನು ವಿವರಿಸಿದರೆ, ಹೇಳಿದ್ದನ್ನು ಹೇಳಿದಂತೆಯೇ ಹಿಡಿಯುವ ಮಗು ದಿಕ್ಕುತೋಚದೆ ನಿಲ್ಲುತ್ತದೆ. ಬಚ್ಚಲಿನ ಮೇಲೊಂದು ಕ್ಯಾಮೆರಾ ಇರಬಹುದೇ, ಆ ಚಿತ್ರ ಯಾರ ಕೈಸೇರುತ್ತದೆ ಎಂಬುದನ್ನೂ ಕೇಳಬೇಕು. ಯಾವ ಕೆಲಸವನ್ನು ಕಲಿಯಬೇಕೆಂಬುದರಲ್ಲಿ ಕಲಿಯುವವರ ಇಷ್ಟಕ್ಕೂ ಬೆಲೆ ಇರಬೇಕು.

ನಮ್ಮ ದೇಶದ 2016ರ ವಿಕಲಚೇತನರ ಹಕ್ಕುಗಳ ಕಾಯಿದೆ ಆಟಿಸಂ ಇರುವವರನ್ನೂ ಒಳಗೊಂಡಿದೆ. ಆದರೆ "ನಮ್ಮ ಕಾಲದ ನಂತರ ಇವನ ಗತಿಯೇನು?" ಎಂದು ತಂದೆತಾಯಿಗಳನ್ನು ರಾತ್ರಿ ಕಾಡುವ ಪ್ರಶ್ನೆಗೆ ಕಾಯಿದೆಯೊಂದೇ ಉತ್ತರವಲ್ಲ. ತಾನೇ ಹಲ್ಲುಜ್ಜಿ, ಬಟ್ಟೆ ತೊಟ್ಟು, ಅನ್ನ ಬಡಿಸಿಕೊಳ್ಳಬಲ್ಲ ಮಗುವಿನ ಮನೆಯಲ್ಲಿ ಆ ಭಯ ಅಷ್ಟು ಕಡಿಮೆ. ಇದಕ್ಕೆ ಯಂತ್ರ ನೆರವಾಗುವುದಾದರೆ ಬರಲಿ. ತಾಯಿಗೆ ಅರ್ಧ ಗಂಟೆ ಬಿಡುವು ಸಿಕ್ಕರೂ ಲಾಭವೇ.

ಮೂವತ್ತು ವರ್ಷಗಳ ಕಾಲ ನಾನು ತರಗತಿಯಲ್ಲಿ ಮಾತನಾಡಿದೆ. ಯಾವಾಗ ಮಾತು ನಿಲ್ಲಿಸಿ ಕಾಯಬೇಕೆಂಬುದನ್ನು ಯಂತ್ರವೊಂದರ ಕಥೆಯಿಂದ ಈಗ ಕಲಿಯುತ್ತಿದ್ದೇನೆ. ನಿಮ್ಮಲ್ಲಿ ಹಲವರು ಈಗ ಉಪಾಧ್ಯಾಯರು, ತಂದೆತಾಯಿಗಳು. ನಿಮ್ಮ ಮುಂದೆ ಅಂತಹ ಮಗುವೊಂದು ನಿಂತರೆ, ಬೆಂಚು ಹತ್ತಿಸುವ ಮೊದಲು ಒಂದು ಕ್ಷಣ ಕಾಯಿರಿ. ಆ ಹುಡುಗನ ಪಕ್ಕದಲ್ಲಿ ಕುಳಿತು ದಿನವೂ ಅವನ ಡಬ್ಬಿಯ ಮುಚ್ಚಳ ತೆಗೆದುಕೊಡುತ್ತಿದ್ದವರು ಇದನ್ನು ಓದಿದರೆ, ಈ ಮೇಷ್ಟರ ನಮಸ್ಕಾರವನ್ನು ಸ್ವೀಕರಿಸಬೇಕು. ಅಂದು ತರಗತಿಯಲ್ಲಿ ನಿಜವಾದ ಉಪಾಧ್ಯಾಯರು ನೀವೇ.