ಕೂಗದ ಹುಂಜ

ಹೆಸರಿನಿಂದಲೇ ಆರಂಭಿಸೋಣ. ನಾವು ಟರ್ಕಿ ಕೋಳಿ ಎಂದು ಕರೆಯುವ ಹಕ್ಕಿಗೂ ತುರ್ಕಿ ದೇಶಕ್ಕೂ ಹುಟ್ಟಿನ ನಂಟಿಲ್ಲ. ತುರ್ಕಿಯ ವರ್ತಕರ ಸರಕೆಂದು ಭಾವಿಸಿ ಇಂಗ್ಲಿಷರು ಅದಕ್ಕೆ ಆ ಹೆಸರನ್ನು ಅಂಟಿಸಿದರು. ತುರ್ಕರಾದರೋ ಅದನ್ನು ‘ಹಿಂದಿ’ ಎಂದು ಕರೆದು ನಮ್ಮ ದೇಶದ ತಲೆಗೆ ಕಟ್ಟಿದರು. ಡಚ್ಚರು ನಮ್ಮ ನೆರೆಯ ಕಲ್ಲಿಕೋಟೆಯ ಹೆಸರನ್ನೇ ಹಿಡಿದು ‘ಕಾಲ್ಕೂನ್’ ಎಂದರು. ವಾಸ್ತವವಾಗಿ ಅದರ ತವರು ಉತ್ತರ ಅಮೆರಿಕೆ. ಮೆಕ್ಸಿಕೋದ ಮೂಲನಿವಾಸಿಗಳು ಬಹು ಹಿಂದೆಯೇ ಪಳಗಿಸಿದ್ದ ಈ ಹಕ್ಕಿಯನ್ನು ಸ್ಪೇನಿನವರು 16ನೆಯ ಶತಮಾನದ ಆರಂಭದಲ್ಲಿ ಯೂರೋಪಿಗೆ ಒಯ್ದರು. 1612ರಲ್ಲಿ ಮುಕರ್ರಬ್ ಖಾನನು ಗೋವೆಯಿಂದ ಜಹಾಂಗೀರನ ಆಸ್ಥಾನಕ್ಕೆ ತಂದ ಅಪೂರ್ವ ವಸ್ತುಗಳಲ್ಲಿ ಒಂದು ಟರ್ಕಿಯೂ ಇತ್ತು. ಬಾದಶಹನು ಅದರ ಬಣ್ಣ ಬದಲಿಸುವ ತಲೆಯನ್ನು ಕಂಡು ಬೆರಗಾಗಿ ತನ್ನ ಆತ್ಮಚರಿತ್ರೆಯಲ್ಲಿ ವರ್ಣಿಸಿದನು. ಚಿತ್ರಕಾರ ಮನ್ಸೂರನು ಅದರ ಚಿತ್ರವನ್ನು ಬರೆದನು.

ಹೀಗೆ ನಮ್ಮ ಕರಾವಳಿಗೆ ಬಂದುದು ಪಳಗಿದ ಹಕ್ಕಿ. ಅದರ ಕಾಡಿನ ದಾಯಾದಿಯು ಅಮೆರಿಕೆಯ ಅರಣ್ಯಗಳಲ್ಲಿಯೇ ಉಳಿಯಿತು. ಆ ಕಾಡು ಟರ್ಕಿಯ ಬೇಟೆಯ ಚರಿತ್ರೆಯನ್ನು, ವಿಶೇಷವಾಗಿ ವಸಂತದಲ್ಲಿ ಅದು ಕೂಗು ನಿಲ್ಲಿಸಿ ಮೌನ ತಾಳುವ ಹೊತ್ತಿನ ಚರಿತ್ರೆಯನ್ನು, ಇಲ್ಲಿ ನಾವು ವಾಚಕರ ಮುಂದಿಡಬಯಸುತ್ತೇವೆ. ಹಕ್ಕಿಯೊಂದರ ಮೌನಕ್ಕೂ ಇತಿಹಾಸಕ್ಕೂ ಏನು ಸಂಬಂಧವೆಂದು ಕೆಲವರು ಕೇಳಬಹುದು. ಸಂಬಂಧವುಂಟು.

ಕಾಡು ಟರ್ಕಿಯ ಹುಂಜವು ಚಳಿಗಾಲ ಕಳೆದು ಮರ ಚಿಗುರುವ ಹೊತ್ತಿಗೆ ಕೂಗಲಾರಂಭಿಸುತ್ತದೆ. ರಾತ್ರಿ ಎತ್ತರದ ಕೊಂಬೆಯ ಮೇಲೆ ತಂಗಿ, ಬೆಳಕು ಹರಿಯುವ ಮುನ್ನವೇ ಗುಳುಗುಳು ಎಂದು ಕೂಗಿದರೆ ಆ ದನಿ ಗಾಳಿಯಿಲ್ಲದ ಮುಂಜಾವಿನಲ್ಲಿ ಮೈಲಿ ದೂರಕ್ಕೆ ಕೇಳಬಹುದು. ಅದು ಹೇಂಟೆಗಳಿಗೆ ಕಳುಹಿಸುವ ಕರೆ. ಕರೆಯನ್ನು ಕೇಳಿ ಹೇಂಟೆಯು ಹುಂಜವಿದ್ದೆಡೆಗೆ ಬರುವುದು ಪ್ರಕೃತಿಯ ಪದ್ಧತಿ. ವಸಂತದ ಬೇಟೆಗಾರನು ಮಾಡುವುದು ಇದನ್ನು ತಿರುವುಮುರುವು ಮಾಡುವ ಕೆಲಸ. ಅವನು ಮರದ ಬುಡಕ್ಕೆ ಬೆನ್ನು ಕೊಟ್ಟು ಕುಳಿತು, ಹೇಂಟೆಯ ದನಿಯನ್ನು ಅನುಕರಿಸಿ, ಹುಂಜವೇ ತನ್ನ ಕಡೆಗೆ ನಡೆದುಬರುವಂತೆ ಮಾಡಬೇಕು.

ಈ ಅನುಕರಣೆಯ ವಿದ್ಯೆ ಹಳೆಯದು. ಟರ್ಕಿಯ ರೆಕ್ಕೆಯ ಟೊಳ್ಳು ಮೂಳೆಯನ್ನು ಬಾಯಿಗಿಟ್ಟು ಗಾಳಿ ಹೀರಿ ದನಿ ಹೊರಡಿಸುವ ಕ್ರಮವನ್ನು ಅಲ್ಲಿಯ ಮೂಲನಿವಾಸಿಗಳು ಬಲ್ಲವರಾಗಿದ್ದರು. 1897ರಲ್ಲಿ ಆರ್ಕಾನ್ಸಾ ರಾಜ್ಯದ ಹೆನ್ರಿ ಗಿಬ್ಸನ್ ಎಂಬಾತನು ಒಂದು ಮರದ ಪೆಟ್ಟಿಗೆಗೆ ಪೇಟೆಂಟ್ ಪಡೆದನು. ಅದರ ಮುಚ್ಚಳವನ್ನು ಪೆಟ್ಟಿಗೆಯ ತೆಳು ಅಂಚಿನ ಮೇಲೆ ಉಜ್ಜಿದರೆ ಹೇಂಟೆಯ ಕೂಗು ಹೊರಡುತ್ತಿತ್ತು. ಇಂದಿಗೂ ಬೇಟೆಗಾರರ ಜೋಳಿಗೆಯಲ್ಲಿ ಅದರ ಸಂತತಿಯ ಪೆಟ್ಟಿಗೆಗಳಿವೆ. ಚಾರ್ಲ್ಸ್ ಜೋರ್ಡನ್ ಎಂಬ ಹಳೆಯ ಬೇಟೆಗಾರನು 1909ರಲ್ಲಿ ಕೊಲೆಯಾದ ಬಳಿಕ, ಅವನು ಬಿಟ್ಟುಹೋದ ಟಿಪ್ಪಣಿಗಳನ್ನು ಆಧರಿಸಿ ಎಡ್ವರ್ಡ್ ಮೆಕಿಲ್ಹೆನಿಯು 1914ರಲ್ಲಿ ಕಾಡು ಟರ್ಕಿಯನ್ನೂ ಅದರ ಬೇಟೆಯನ್ನೂ ಕುರಿತ ಗ್ರಂಥವನ್ನು ಪ್ರಕಟಿಸಿದನು.

ಆದರೆ ಎಂಥ ನಿಪುಣನ ಕರೆಗೂ ಉತ್ತರ ಬಾರದ ದಿನಗಳುಂಟು. ವಸಂತದ ಆರಂಭದಲ್ಲಿ ಅಬ್ಬರಿಸುತ್ತಿದ್ದ ಹುಂಜವು ಸ್ವಲ್ಪ ಕಾಲದಲ್ಲಿಯೇ ಮೂಕವಾಗಿಬಿಡುತ್ತದೆ. ಕಾರಣ ಸರಳವಾದುದು. ಹೇಂಟೆಗಳು ಸುತ್ತಲೂ ನೆರೆದಿರುವಾಗ ಯಾರನ್ನು ಕರೆಯಲೆಂದು ಅದು ಕೂಗಬೇಕು? ಮುಂದೆ ಹೇಂಟೆಯು ನೆಲದ ಮೇಲಿನ ಗೂಡಿನಲ್ಲಿ ಹತ್ತು ಹನ್ನೆರಡು ಮೊಟ್ಟೆಗಳನ್ನಿಟ್ಟು ಸುಮಾರು 28 ದಿನಗಳ ಕಾವಿಗೆ ಕುಳಿತಾಗ, ಒಂಟಿಯಾದ ಹುಂಜವು ಮತ್ತೆ ದನಿಯೆತ್ತುತ್ತದೆ. ಈ ಎರಡು ಅಬ್ಬರಗಳ ನಡುವಣ ಮೌನವೇ ಬೇಟೆಗಾರನ ಪರೀಕ್ಷಾಕಾಲ. ಗಾಳಿಮಳೆಯೂ, ಶತ್ರುಪ್ರಾಣಿಗಳ ಭಯವೂ, ಬಂದೂಕಿನ ಭಯವೂ ಆ ಮೌನವನ್ನು ಇನ್ನಷ್ಟು ಗಾಢವಾಗಿಸುತ್ತವೆ.

ಆಗ ನುರಿತವನು ಕಾಡು ತಿರುಗುವುದಿಲ್ಲ. ಹೆಜ್ಜೆಗುರುತು, ಉದುರಿದ ಗರಿ, ರೆಕ್ಕೆಯ ತುದಿ ನೆಲವನ್ನು ಗೀರಿದ ಗೆರೆ ಇವನ್ನು ನೋಡಿ, ಹುಂಜವು ಬಾಲವನ್ನು ಬೀಸಣಿಗೆಯಂತೆ ಹರಡಿ ಮೆರೆಯುವ ಬಯಲನ್ನು ಗುರುತಿಸಿ, ಅದರ ಅಂಚಿನಲ್ಲಿ ಕುಳಿತುಬಿಡುತ್ತಾನೆ. ಒಮ್ಮೆ ಮೆಲ್ಲಗೆ ಕರೆದು ಪೆಟ್ಟಿಗೆಯನ್ನು ಬದಿಗಿಡುತ್ತಾನೆ. ಉತ್ತರವಿಲ್ಲವೆಂದಮಾತ್ರಕ್ಕೆ ಹಕ್ಕಿ ಬರುತ್ತಿಲ್ಲವೆಂದು ತಿಳಿಯಲಾಗದು. ಒಣಗಿದ ಎಲೆಗಳ ಮೇಲೆ ಮನುಷ್ಯನ ನಡಿಗೆಯನ್ನೇ ಹೋಲುವ ಸಪ್ಪಳ, ಕಿವಿಗಿಂತ ಹೆಚ್ಚಾಗಿ ಎದೆಗೆ ತಾಗುವ ಒಂದು ತಗ್ಗಿದ ಗುಂಯ್‌ಗುಟ್ಟುವಿಕೆ ಇಷ್ಟೇ ಅದರ ಆಗಮನದ ಸೂಚನೆ. ಬೇಸತ್ತು ಎದ್ದವನಿಗೆ ಕಾಣುವುದು ಹಾರಿಹೋಗುವ ಹಕ್ಕಿಯ ಬೆನ್ನು ಮಾತ್ರ.

ಇದು ಬದುಕಿರುವ ಹಕ್ಕಿಯ ಮೌನ. ಇತಿಹಾಸದಲ್ಲಿ ಇನ್ನೊಂದು ಮೌನವೂ ಇದೆ. ಬಿಳಿಯರು ಬಂದು ನೆಲೆಸಿದಂದಿನಿಂದ ಕಾಡುಗಳು ಹೊಲಗಳಾದವು. ವಸಂತವೆನ್ನದೆ ಶಿಶಿರವೆನ್ನದೆ, ಹುಂಜವೆನ್ನದೆ ಹೇಂಟೆಯೆನ್ನದೆ ಪೇಟೆಗೆ ಮಾಂಸ ಒದಗಿಸುವವರು ಹಕ್ಕಿಗಳನ್ನು ಕೊಂದರು. 1827ರಿಂದ 1838ರವರೆಗೆ ಪ್ರಕಟವಾದ ತನ್ನ ಮಹಾ ಚಿತ್ರಸಂಪುಟಕ್ಕೆ ಕಾಡು ಟರ್ಕಿಯ ಹುಂಜವನ್ನೇ ಮೊದಲ ಪಟವಾಗಿರಿಸಿದ ಆಡುಬನ್ ಪಂಡಿತನು, ಆ ಕಾಲದ ಒಂದು ಬೋನನ್ನೂ ವರ್ಣಿಸಿದ್ದಾನೆ. ಮರದ ದಿಮ್ಮಿಗಳ ದೊಡ್ಡಿಯೊಳಕ್ಕೆ ತೋಡಿದ ಕಾಲುವೆಯಲ್ಲಿ ಜೋಳ ಚೆಲ್ಲಿದರೆ ಹಕ್ಕಿಗಳು ತಲೆ ತಗ್ಗಿಸಿ ಹೆಕ್ಕುತ್ತ ಒಳಹೊಗುತ್ತಿದ್ದವು. ಹೊರಗೆ ಹೋಗಲು ತಲೆಯೆತ್ತಿಯೇ ದಾರಿ ಹುಡುಕಿ, ಕಾಲಬುಡದ ಕಾಲುವೆಯನ್ನು ಕಾಣದೆ ಗುಂಪುಗುಂಪಾಗಿ ಸಿಕ್ಕಿಬೀಳುತ್ತಿದ್ದವು. 1813ರ ಹೊತ್ತಿಗೆ ಕನೆಕ್ಟಿಕಟ್‌ನಲ್ಲಿ ಹಕ್ಕಿ ಇಲ್ಲವಾಯಿತು. ಮ್ಯಾಸಚೂಸೆಟ್ಸ್‌ನಲ್ಲಿ ಕೊನೆಯದು 1851ರಲ್ಲಿ ಟಾಮ್ ಬೆಟ್ಟದಲ್ಲಿ ಹತವಾಯಿತೆಂದು ದಾಖಲೆಯಿದೆ. 20ನೆಯ ಶತಮಾನದ ಆರಂಭಕ್ಕೆ, ಅದು ಮೊದಲು ಬಾಳಿದ್ದ 39 ರಾಜ್ಯಗಳ ಪೈಕಿ 18ರಲ್ಲಿ ಅದರ ಸುಳಿವೇ ಇರಲಿಲ್ಲ. 1904ರಲ್ಲಿ ನ್ಯೂಯಾರ್ಕಿನಲ್ಲಿ ಕಾಣಿಸಿಕೊಂಡ ರೋಗವು ಚೆಸ್ಟ್‌ನಟ್ ಮರಗಳನ್ನು ಕಾಡುಕಾಡೇ ಒಣಗಿಸಿದ್ದರಿಂದ ಉಳಿದವುಗಳ ಆಹಾರಕ್ಕೂ ಕುತ್ತು ಬಂದಿತು.

ಕಳೆದುದನ್ನು ಮರಳಿ ತರುವ ಯತ್ನ ನಡೆಯದೆ ಇರಲಿಲ್ಲ. ಪಂಜರಗಳಲ್ಲಿ ಸಾಕಿ ಬೆಳೆಸಿದ ಹಕ್ಕಿಗಳನ್ನು ದಶಕಗಳ ಕಾಲ ಕಾಡಿಗೆ ಬಿಟ್ಟರು, ಅವು ಉಳಿಯಲಿಲ್ಲ. ಏಕೆಂಬುದಕ್ಕೆ ಸ್ಟಾರ್ಕರ್ ಲಿಯೋಪೋಲ್ಡ್ ಎಂಬ ವಿದ್ವಾಂಸನು ಮಿಸ್ಸೂರಿಯ ಹಕ್ಕಿಗಳನ್ನು ಕುರಿತು 1944ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಸಮಾಧಾನವಿದೆ. ಕಾಡು ಹಕ್ಕಿಯ ಮಿದುಳು ಸಾಕಿದ ತಳಿಯದಕ್ಕಿಂತ ದೊಡ್ಡದು. ಎಚ್ಚರವೆಂಬುದು ಅದಕ್ಕೆ ಕಲಿತ ಪಾಠಕ್ಕಿಂತ ಮಿಗಿಲಾಗಿ ರಕ್ತದಲ್ಲಿ ಬಂದ ಗುಣ. ಬೇಟೆಗಾರನನ್ನು ಬೇಸರಪಡಿಸುವ ಅದೇ ಅಡಗುವಿಕೆ, ಅದೇ ಮೌನ, ಹಕ್ಕಿಯ ಆಯುಸ್ಸನ್ನು ಕಾಯುವ ಕವಚವಾಗಿತ್ತು. ಪಂಜರದ ಹಕ್ಕಿಗೆ ಆ ಕವಚವಿರಲಿಲ್ಲ.

ಹಾಗಾದರೆ ಉಳಿದ ಕಾಡು ಹಕ್ಕಿಗಳನ್ನೇ ಜೀವಸಹಿತ ಹಿಡಿದು ಬೇರೆಡೆ ಬಿಡಬೇಕಾಯಿತು. ಇಷ್ಟು ಎಚ್ಚರದ ಹಕ್ಕಿಯನ್ನು ಹಿಡಿಯುವುದೆಂತು? 1950ರ ದಶಕದ ಆರಂಭದಲ್ಲಿ ಸೌತ್ ಕೆರೊಲೈನದ ಕಾಡಿನಲ್ಲಿ ಇದಕ್ಕೆ ಉಪಾಯ ಫಲಿಸಿತು. ಕಾಳು ಚೆಲ್ಲಿದ ಬಯಲಿನ ಅಂಚಿನಲ್ಲಿ ದೊಡ್ಡ ಬಲೆಯನ್ನು ಮಡಚಿಟ್ಟು, ಹಕ್ಕಿಗಳು ನೆರೆದೊಡನೆ ಚಿಕ್ಕ ಫಿರಂಗಿಗಳಿಂದ ಅದನ್ನು ಅವುಗಳ ಮೇಲೆ ಹಾರಿಸುವ ಉಪಾಯವದು. 1937ರ ಕಾನೂನಿನಂತೆ ಬಂದೂಕು ಮದ್ದುಗುಂಡುಗಳ ಮೇಲೆ ಬೇಟೆಗಾರರು ತೆರುತ್ತಿದ್ದ ತೆರಿಗೆಯ ಹಣ ಇಂಥ ಕಾರ್ಯಕ್ಕೆ ಒದಗಿತು. ಮ್ಯಾಸಚೂಸೆಟ್ಸ್ ರಾಜ್ಯವು ಸಾಕಿದ ಹಕ್ಕಿಗಳನ್ನು ಬಿಟ್ಟು ಪದೇ ಪದೇ ಸೋತು, 1972–73ರಲ್ಲಿ ನ್ಯೂಯಾರ್ಕಿನಿಂದ ತಂದ 37 ಕಾಡು ಹಕ್ಕಿಗಳನ್ನು ಬಿಟ್ಟಿತು. ಇಂದು ಅಲ್ಲಿಯ ಹಕ್ಕಿಗಳ ಎಣಿಕೆ 30 ಸಾವಿರವನ್ನು ಮೀರಿದೆ. 21ನೆಯ ಶತಮಾನದ ಆರಂಭಕ್ಕೆ ಇಡೀ ದೇಶದಲ್ಲಿ ಅವುಗಳ ಸಂಖ್ಯೆ 65 ಲಕ್ಷವನ್ನು ದಾಟಿತ್ತು.

ವಸಂತದ ಬೇಟೆಯ ಕಟ್ಟಳೆಗಳು ರೂಪುಗೊಂಡುದೂ ಈ ಪುನರುಜ್ಜೀವನದ ಜೊತೆಯಲ್ಲಿಯೇ. ಒಂದು ಹುಂಜವು ಹಲವು ಹೇಂಟೆಗಳೊಡನೆ ಕೂಡುವುದರಿಂದ, ಕೂಡುವಿಕೆ ಮುಗಿದ ಮೇಲೆ ಕೆಲವು ಹುಂಜಗಳನ್ನು ತೆಗೆದರೆ ಸಂತಾನಕ್ಕೆ ಹಾನಿಯಿಲ್ಲವೆಂಬುದು ಅದರ ತತ್ತ್ವ. ಆದುದರಿಂದ ಎದೆಯಲ್ಲಿ ಗಡ್ಡವಿರುವ ಹಕ್ಕಿಯನ್ನು ಮಾತ್ರ ಹೊಡೆಯಬೇಕೆಂದೂ, ಹೇಂಟೆಗಳು ಕಾವಿಗೆ ಕೂರುವ ಹೊತ್ತಿಗೆ ಬೇಟೆ ನಡೆಯಬೇಕೆಂದೂ ಗೊತ್ತುಮಾಡಿದರು. ಆದರೆ ಬೇಟೆಗಾರನ ಮನಸ್ಸು ಮೊದಲ ಅಬ್ಬರದ ಕಡೆಗೇ ಎಳೆಯುತ್ತದೆ. ಕೂಗುವ ಹುಂಜವನ್ನು ಹೊಡೆಯುವುದು ಸುಲಭ. ಕೂಗದ ಹುಂಜಕ್ಕಾಗಿ ಕಾಯುವುದು ಕಷ್ಟ.

ಈಚಿನ ವರ್ಷಗಳಲ್ಲಿ ಆಗ್ನೇಯ ರಾಜ್ಯಗಳ ಹಲವೆಡೆ ಟರ್ಕಿಗಳು ಮತ್ತೆ ಕಡಿಮೆಯಾಗುತ್ತಿವೆ. ಸೌತ್ ಕೆರೊಲೈನದಲ್ಲಿ ಸಂಶೋಧಕರು ಕಾಡಿನಲ್ಲಿ ಧ್ವನಿಮುದ್ರಣ ಯಂತ್ರಗಳನ್ನಿಟ್ಟು ಪರೀಕ್ಷಿಸಿದಾಗ, ಬೇಟೆ ಆರಂಭವಾದ ಬಳಿಕ ಹುಂಜಗಳ ಕೂಗು ಇಳಿಯುವುದು ಕಂಡುಬಂದಿತು. ಹೊಡೆತಕ್ಕೆ ಸಿಕ್ಕಿದವು ಹೋದವು. ಉಳಿದವು ಬಾಯಿ ಮುಚ್ಚಿದವು. ಕೆಲವು ರಾಜ್ಯಗಳು ಬೇಟೆಯ ಆರಂಭವನ್ನು ಮುಂದಕ್ಕೆ ಹಾಕಿ, ಕೂಡುವಿಕೆಯ ಕಾಲದಲ್ಲಿ ಹಕ್ಕಿಗಳನ್ನು ಅವುಗಳ ಪಾಡಿಗೆ ಬಿಟ್ಟಿವೆ.

ಮರದ ಬುಡದಲ್ಲಿ ಕುಳಿತವನ ಕಿವಿಗೆ ಎರಡು ಮೌನಗಳೂ ಒಂದೇ ಬಗೆಯಾಗಿ ಕೇಳಿಸುತ್ತವೆ. ಹಕ್ಕಿ ಇದ್ದೂ ಕೂಗದ ಮೌನ ಯಾವುದು, ಹಕ್ಕಿಯೇ ಇಲ್ಲದ ಮೌನ ಯಾವುದು ಎಂಬುದನ್ನು ಕಿವಿಯೊಂದರಿಂದಲೇ ತಿಳಿಯಲಾಗುವುದಿಲ್ಲ. 19ನೆಯ ಶತಮಾನದವರು ಹಕ್ಕಿಗಳು ಕಡಿಮೆಯಾಗುತ್ತಿದ್ದರೂ ಬಂದೂಕು ಹಾರಿಸುತ್ತಲೇ ಹೋದರು. ಇಂದಿನವರಿಗಾದರೋ ಎಣಿಕೆಯ ಲೆಕ್ಕವೂ, ಯಂತ್ರದ ಸಾಕ್ಷ್ಯವೂ, ಹಿಂದಿನವರ ಅನುಭವವೂ ಕೈಯಲ್ಲಿದೆ. ಕೂಗು ಕೇಳದ ವಸಂತದಲ್ಲಿ ಬಂದೂಕನ್ನು ಮೊಣಕಾಲ ಮೇಲಿರಿಸಿ ಕಾಯಬೇಕೆ, ಮನೆಯಲ್ಲಿಯೇ ಬಿಟ್ಟುಬರಬೇಕೆ ಎಂಬುದನ್ನು ಅವರು ಅದರ ಬೆಳಕಿನಲ್ಲಿ ನಿರ್ಧರಿಸಬಲ್ಲರು.