ರಾತ್ರಿ ಶಾಲೆ, ಬೆಳಗಿನ ಕಾಲೇಜು

ಊರಿಗೆ ಹೋದಾಗಲೆಲ್ಲ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ಹೋಟೆಲಿನಲ್ಲಿ ಲೋಟ ತೊಳೆಯುತ್ತಿದ್ದವ ನೀನು, ಬಿ.ಎ. ಮಾಡಿದ್ದು ಹೇಗೆ ಮಾರಾಯ?" ಬಹಳ ವರ್ಷ ನಾನು "ಕಷ್ಟಪಟ್ಟೆ" ಎಂದು ಹೇಳಿ ಎದೆಯುಬ್ಬಿಸಿದ್ದುಂಟು. ಈಗ ಹಾಗೆ ಹೇಳಲು ನಾಚಿಕೆಯಾಗುತ್ತದೆ. ನನ್ನಷ್ಟೇ ಕಷ್ಟಪಟ್ಟವರು, ನನಗಿಂತ ಚುರುಕಾಗಿದ್ದವರು ಆ ಹೋಟೆಲಿನಲ್ಲೇ ನಾಲ್ಕೈದು ಮಂದಿ ಇದ್ದರು. ಅವರಿಗೆ ಸಿಗದೇ ಹೋದದ್ದು ನನಗೆ ಹೇಗೆ ಸಿಕ್ಕಿತು ಎಂಬುದಕ್ಕೆ ಒಂದು ಚರಿತ್ರೆಯಿದೆ. ಅದು ಮುಂಬಯಿ ಕನ್ನಡಿಗರ ಚರಿತ್ರೆ. ಆದರೆ ಕನ್ನಡಿಗರದ್ದು ಮಾತ್ರ ಅಲ್ಲ.

ನಾನು ಉಡುಪಿ ಕಡೆಯಿಂದ ಬಸ್ಸು ಹತ್ತಿದ್ದು 1968ರಲ್ಲಿ, ಏಳನೇ ಕ್ಲಾಸು ಮುಗಿಸಿ. ಸೇರಿದ್ದು ಫೋರ್ಟಿನ ಒಂದು ಹೋಟೆಲಿಗೆ. ಬೆಳಿಗ್ಗೆ ಐದಕ್ಕೆ ಎದ್ದರೆ ಕಪ್ಪು ಬಸಿ ತೊಳೆಯುವುದು, ಮೇಜು ಒರಸುವುದು. ರಾತ್ರಿ ಅದೇ ಮೇಜುಗಳನ್ನು ಜೋಡಿಸಿ ಅದರ ಮೇಲೆ ನಿದ್ದೆ. ಹೋಟೆಲು ಕೆಲಸಕ್ಕೆ ದಿನಕ್ಕೆ ಒಂಬತ್ತು ಗಂಟೆಯ ಮಿತಿ ಹಾಕಿದ ಕಾನೂನು ಮುಂಬಯಿಯಲ್ಲಿ 1948ರಲ್ಲೇ ಬಂದಿತ್ತಂತೆ. ನಮ್ಮ ಮೋರಿಯ ತನಕ ಅದು ಇಳಿದು ಬಂದಿರಲಿಲ್ಲ.

ಆದರೆ ಫೋರ್ಟಿಗೆ ಒಂದು ಗುಣವಿತ್ತು. ಸಂಜೆ ಆರಕ್ಕೆ ಆಫೀಸುಗಳು ಬಿಟ್ಟರೆ ಇಡೀ ಪೇಟೆ ಖಾಲಿ. ಏಳರ ಮೇಲೆ ಹೋಟೆಲಿನಲ್ಲಿ ಗಿರಾಕಿಯಿಲ್ಲ. ಹಾಗಾಗಿ "ಶಾಲೆಗೆ ಹೋಗುತ್ತೇನೆ" ಎಂದಾಗ ಧನಿಗಳು "ಹೋಗುದಾದರೆ ಹೋಗು ಮಾರಾಯ, ಪಾತ್ರೆ ಮುಗಿಸಿ ಹೋಗು" ಎಂದರು. ಅದೇ ವರ್ಷ ಬಂದ ನನ್ನ ಊರಿನ ಗೆಳೆಯ ದಾದರಿನ ಹೋಟೆಲಿನಲ್ಲಿದ್ದ. ಅಲ್ಲಿ ಸಂಸಾರವಂದಿಗರ ವಸ್ತಿ, ರಾತ್ರಿ ಹತ್ತರ ತನಕ ಜನ. ಅವನಿಗೆ ಒಂದು ಸಂಜೆಯೂ ಬಿಡುವು ಸಿಗಲಿಲ್ಲ. ಊರ ಶಾಲೆಯಲ್ಲಿ ಲೆಕ್ಕದಲ್ಲಿ ನನಗಿಂತ ಮುಂದಿದ್ದವ ಅವನು.

ದುಡಿಯುವವರಿಗೆ ರಾತ್ರಿ ಪಾಠ ಹೇಳುವುದು ಆ ಕಡೆ ಹೊಸತೇನಲ್ಲ. ಪುಣೆಯಲ್ಲಿ ಜ್ಯೋತಿಬಾ ಮತ್ತು ಸಾವಿತ್ರಿಬಾಯಿ ಫುಲೆ ದಂಪತಿ 1855ರಲ್ಲೇ ರೈತರಿಗೆ, ಕೂಲಿಯವರಿಗೆ ರಾತ್ರಿ ಶಾಲೆ ತೆರೆದಿದ್ದರು. ಮುಂಬಯಿಯಲ್ಲಿ ನಮ್ಮವರೂ ಹಿಂದೆ ಬೀಳಲಿಲ್ಲ. 1902ರಲ್ಲಿ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿ ರಾತ್ರಿ ಶಾಲೆ ನಡೆಸಿತು. 1932ರಲ್ಲಿ ಸ್ಥಾಪನೆಯಾದ ಬಿಲ್ಲವರ ಅಸೋಸಿಯೇಶನ್ ಗುರು ನಾರಾಯಣರ ಹೆಸರಿನಲ್ಲಿ ನಡೆಸಿತು. ಇವರು ಯಾರೂ ದೊಡ್ಡ ಶ್ರೀಮಂತರ ಮಕ್ಕಳಲ್ಲ. ಊರಿನಲ್ಲಿ ತಮಗೆ ಸಿಗದ ಅಕ್ಷರ ತಮ್ಮ ಹಿಂದೆ ಬರುವ ಹುಡುಗರಿಗಾದರೂ ಸಿಗಲಿ ಎಂದು ದುಡಿಮೆಯಲ್ಲಿ ಉಳಿಸಿ ಕೊಟ್ಟವರು.

ನಾನು ಹೋಗುತ್ತಿದ್ದ ಶಾಲೆ ನಡೆಯುತ್ತಿದ್ದುದು ಹಗಲಿನಲ್ಲಿ ಸಣ್ಣ ಮಕ್ಕಳು ಕೂರುವ ಕೋಣೆಗಳಲ್ಲಿ. ಬೆಂಚಿನಡಿಗೆ ಮೊಣಕಾಲು ತೂರುತ್ತಿರಲಿಲ್ಲ. ಮೇಷ್ಟ್ರೂ ಹಗಲಿಡೀ ಇನ್ನೊಂದು ಕಡೆ ದುಡಿದು ಬಂದವರೇ. ನಿದ್ದೆ ಹೋದವನನ್ನು ಅವರು ಬಯ್ಯುತ್ತಿರಲಿಲ್ಲ, "ಮುಖ ತೊಳೆದು ಬಾ" ಎನ್ನುತ್ತಿದ್ದರು. ಪಾಠ ಕನ್ನಡದಲ್ಲಿ. ಇಡೀ ದಿನ ಮರಾಠಿ, ಹಿಂದಿಯಲ್ಲಿ ಬೈಸಿಕೊಂಡ ಹುಡುಗನಿಗೆ ಆ ಎರಡು ಮೂರು ಗಂಟೆ ಊರಿಗೆ ಹೋಗಿ ಬಂದ ಹಾಗೆ.

ಎಸ್.ಎಸ್.ಸಿ.ಯನ್ನು ಎರಡನೇ ಸಲಕ್ಕೆ 1973ರಲ್ಲಿ ಪಾಸು ಮಾಡಿದೆ. ಆಫೀಸೊಂದರಲ್ಲಿ ಗುಮಾಸ್ತಗಿರಿ ಸಿಕ್ಕಿತು. ನಮ್ಮ ಸಂಘಸಂಸ್ಥೆಗಳ ಕೈ ನನ್ನನ್ನು ಅಲ್ಲಿಯ ತನಕ ತಂದು ಬಿಟ್ಟಿತು. ಮುಂದೇನು? ಕಾಲೇಜು ಎಂದರೆ ಹಗಲಿನದ್ದು. ಹಗಲು ಕಾಲೇಜಿಗೆ ಹೋದರೆ ಊರಿಗೆ ಮನಿಯಾರ್ಡರು ಯಾರು ಕಳಿಸುವುದು?

ಉತ್ತರ ಇದ್ದದ್ದು ನಾನು ಐದು ವರ್ಷ ದಿನವೂ ನೋಡುತ್ತಿದ್ದ ಬೀದಿಯಲ್ಲೇ. ಡಾ. ಬಿ.ಆರ್. ಅಂಬೇಡ್ಕರ್ 1945ರಲ್ಲಿ ಪೀಪಲ್ಸ್ ಎಜುಕೇಶನ್ ಸೊಸೈಟಿ ಕಟ್ಟಿ, 1946ರ ಜೂನಿನಲ್ಲಿ ಸಿದ್ಧಾರ್ಥ ಕಾಲೇಜನ್ನು ಆರಂಭಿಸಿದರು. ಅದರ ಕ್ಲಾಸುಗಳು ಬೆಳಗಿನ ಹೊತ್ತು. ಪಾಠ ಮುಗಿಸಿ ನೇರ ಆಫೀಸಿಗೆ ಹೋಗಬಹುದು. ಪರೇಲಿನ ಚಾಳಿನ ಒಂದೇ ಕೋಣೆಯಲ್ಲಿ, ತಂದೆ ನಡುರಾತ್ರಿ ಎರಡಕ್ಕೆ ಎಬ್ಬಿಸಿದ ಮೇಲೆ, ಎಣ್ಣೆದೀಪದಲ್ಲಿ ಓದಿದವರು ಅಂಬೇಡ್ಕರ್. ಬಡವನಿಗೆ ಫೀಸು ಮಾತ್ರವಲ್ಲ, ಹೊತ್ತೂ ಬೇಕು ಎಂಬುದು ಅವರಿಗೆ ಪುಸ್ತಕ ಓದಿ ತಿಳಿಯಬೇಕಾಗಿರಲಿಲ್ಲ. ದಲಿತರಿಗೆ ಉನ್ನತ ಶಿಕ್ಷಣ ಸಿಗಬೇಕೆಂದು ಕಟ್ಟಿದ ಕಾಲೇಜಿನ ಬಾಗಿಲನ್ನು ಅವರು ದುಡಿಯುವ ಎಲ್ಲರಿಗೂ ತೆರೆದಿಟ್ಟರು. 1953ರಲ್ಲಿ ವಾಣಿಜ್ಯ ಕಾಲೇಜು, 1956ರಲ್ಲಿ ಕಾನೂನು ಕಾಲೇಜೂ ಸೇರಿಕೊಂಡವು.

ನಾನು ಸೇರಿದಾಗ ನಮ್ಮ ಹಳೆಯ ಹೋಟೆಲಿನ ಅಡುಗೆಯ ಭಟ್ಟರು ಹುಬ್ಬೇರಿಸಿದರು. "ಅದು ಅವರ ಕಾಲೇಜಲ್ಲವೋ? ನಿನಗ್ಯಾಕೆ?" ನಾನು ಸುಮ್ಮನಿದ್ದೆ. ಸುಮ್ಮನಿದ್ದದ್ದು ಅಂದು ಮಾತ್ರವಲ್ಲ. ಊರಿಗೆ ಬಂದಾಗ ಕೇಳಿದವರಿಗೆ "ಫೋರ್ಟಿನಲ್ಲಿ ಒಂದು ಕಾಲೇಜು" ಎಂದಷ್ಟೇ ಹೇಳುತ್ತಿದ್ದೆ. ತರಗತಿಯಲ್ಲಿ ನನ್ನ ಬೆಂಚಿನಲ್ಲಿ ಗಿರಣಿ ಕಾರ್ಮಿಕನ ಮಗನೊಬ್ಬ ಕೂರುತ್ತಿದ್ದ. ತಡವಾಗಿ ಬಂದ ದಿನಗಳಲ್ಲೆಲ್ಲ ಅವನ ನೋಟ್ಸೇ ನನಗೆ ಗತಿ. ಅವನ ಡಬ್ಬಿಯ ಭಾಕ್ರಿ ತಿಂದೇ ಆಫೀಸಿಗೆ ಹೋಗುತ್ತಿದ್ದೆ. ಅಂಥವನ ಕಾಲೇಜಿನ ಹೆಸರು ಹೇಳಲು ನನಗೆ ಸಂಕೋಚ.

ನಮ್ಮ ಸಂಘಗಳ ಸ್ಮರಣ ಸಂಚಿಕೆಗಳನ್ನು ತಿರುವಿದಾಗಲೂ ಇದೇ ನೋಡಿದ್ದೇನೆ. ರಾತ್ರಿ ಶಾಲೆಯ ದಾನಿಗಳ ಭಾವಚಿತ್ರಗಳಿರುತ್ತವೆ, ಇರಲೇಬೇಕು. ಅಲ್ಲಿಂದ ಮುಂದೆ ಹುಡುಗರು ತಾವಾಗಿಯೇ ಪದವೀಧರರಾದರು ಎಂಬಂತೆ ಬರಹ ಸಾಗುತ್ತದೆ. ನಮಗೆ ಬೆಳಗಿನ ಬಾಗಿಲು ತೆರೆದವರ ಹೆಸರು ನನ್ನ ಕಣ್ಣಿಗೆ ಬಿದ್ದದ್ದು ಕಡಿಮೆ.

ಬಿಟ್ಟುಹೋದ ಇನ್ನೊಂದು ಲೆಕ್ಕವಿದೆ. ನನ್ನ ರಾತ್ರಿ ಶಾಲೆಯ ತರಗತಿಯಲ್ಲಿ ಒಬ್ಬಳೂ ಹುಡುಗಿ ಇರಲಿಲ್ಲ. ಊರಿನಲ್ಲಿ ನನ್ನ ತಂಗಿ ಐದನೆಯದಕ್ಕೆ ಶಾಲೆ ಬಿಟ್ಟು ಬೀಡಿ ಕಟ್ಟಲು ಕೂತಳು. ಪರೀಕ್ಷೆಯ ಫೀಸು ಕಟ್ಟಿದ ತಿಂಗಳುಗಳಲ್ಲಿ ನನ್ನ ಮನಿಯಾರ್ಡರು ಹೋಗುತ್ತಿರಲಿಲ್ಲ. ಆ ತಿಂಗಳು ಮನೆ ನಡೆದದ್ದು ಅವಳ ಬೀಡಿಯಿಂದ. ಅವಳಿಗೆ ರಾತ್ರಿಯ ಶಾಲೆಯೂ ಇಲ್ಲ, ಬೆಳಗಿನ ಕಾಲೇಜೂ ಇಲ್ಲ.

2006ರ ಅಕ್ಟೋಬರಿನಿಂದ ಹದಿನಾಲ್ಕು ತುಂಬದ ಮಕ್ಕಳನ್ನು ಹೋಟೆಲಿನಲ್ಲಿ ದುಡಿಸುವುದಕ್ಕೆ ದೇಶದಲ್ಲೇ ನಿಷೇಧ ಬಂತು. ನನ್ನ ಹಾಗೆ ಏಳನೆಯದು ಮುಗಿಸಿ ಬಸ್ಸು ಹತ್ತುವ ಹುಡುಗರು ಕಡಿಮೆಯಾದರು. ಒಳ್ಳೆಯದೇ ಆಯಿತು. ಆದರೆ ದುಡಿಯುತ್ತಲೇ ಓದಬೇಕಾದವರು ಮುಗಿದಿಲ್ಲ. ಅವರು ಈಗ ಬೇರೆ ಊರಿನಿಂದ ಬರುತ್ತಾರೆ, ಬೇರೆ ಭಾಷೆ ಆಡುತ್ತಾರೆ. ಊರಿನ ಹೋಟೆಲುಗಳಲ್ಲಿ ನಿಮ್ಮ ಮುಂದೆ ಚಹಾ ತಂದಿಡುವ ಉತ್ತರದ ಹುಡುಗನನ್ನು ಒಮ್ಮೆ ಕೇಳಿ ನೋಡಿ, ಎಷ್ಟನೇ ಕ್ಲಾಸಿಗೆ ಬಿಟ್ಟ ಅಂತ.

ದಾದರಿನ ಗೆಳೆಯ ಮುಂದೆ ಗಲ್ಲಾದ ಮೇಲೆ ಕೂತ, ಈಗ ಊರಲ್ಲೇ ಇದ್ದಾನೆ. ಕಳೆದ ಸಲ ಹೋದಾಗ ಅವನ ಮೊಮ್ಮಗಳು "ಅಜ್ಜ, ನೀವು ಯಾವ ಕಾಲೇಜು?" ಎಂದು ನನ್ನನ್ನು ಕೇಳಿದಳು. "ಸಿದ್ಧಾರ್ಥ. ಅಂಬೇಡ್ಕರ್ ಕಟ್ಟಿದ್ದು" ಎಂದೆ. ಕಷ್ಟಪಟ್ಟ ಕಥೆ ಹೇಳಲಿಲ್ಲ.